ಯಂತ್ರದಿಂದ ಯಂತ್ರಕ್ಕೆ

ವಿದ್ಯುತ್ತಿನ ಸಂಪರ್ಕವಿಲ್ಲದ ಗಣಕಯಂತ್ರವು ಲೋಹ, ಗಾಜು, ಸಿಲಿಕಾನ್ ಇವುಗಳಿಂದಾದ ಒಂದು ಜಡವಸ್ತು. ಅದಕ್ಕೆ ಲೆಕ್ಕ ಬಾರದು, ಅಕ್ಷರ ತಿಳಿಯದು; ತನ್ನಲ್ಲಿ ಯಾವ ಯಾವ ಅಂಗಗಳಿವೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಗುಂಡಿಯನ್ನು ಒತ್ತಿದ ಕೆಲವೇ ಕ್ಷಣಗಳಲ್ಲಿ ಆ ಜಡವಸ್ತು ಎಚ್ಚೆತ್ತು, ತೆರೆಯ ಮೇಲೆ ಅಕ್ಷರಗಳನ್ನು ಮೂಡಿಸಿ, ಅಪ್ಪಣೆಗಾಗಿ ಕಾಯುತ್ತ ನಿಲ್ಲುತ್ತದೆ. ಆ ಕೆಲವು ಕ್ಷಣಗಳಲ್ಲಿ ನಡೆಯುವುದೇನು? ಒಂದು ಬಗೆಯ ಯಂತ್ರವನ್ನು ಎಚ್ಚರಿಸುವ ವಿಧಾನ ಇನ್ನೊಂದು ಬಗೆಯ ಯಂತ್ರದಲ್ಲಿ ಏಕೆ ಫಲಿಸುವುದಿಲ್ಲ? ಫಲಿಸುವಂತೆ ಮಾಡಲು ಏನು ಮಾಡಬೇಕು? ಹವ್ಯಾಸವೆಂದು ಆರಂಭವಾಗಿ, ಮುಂದೆ ಜಗತ್ತನ್ನೇ ವ್ಯಾಪಿಸಿದ ಲಿನಕ್ಸ್ ಎಂಬ ವ್ಯವಸ್ಥೆಯ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಗಣಕಯಂತ್ರದ ಹೃದಯವೆಂದರೆ ಪ್ರೊಸೆಸರ್. ಸ್ಮೃತಿಕೋಶದಲ್ಲಿ ಸಾಲಾಗಿ ಇರಿಸಿದ ಆದೇಶಗಳನ್ನು ಒಂದೊಂದಾಗಿ ಓದಿ ನೆರವೇರಿಸುವುದೇ ಅದರ ಕೆಲಸ. ಹೀಗೆ ಕ್ರಮವಾಗಿ ಜೋಡಿಸಿದ ಆದೇಶಗಳ ಸಮೂಹಕ್ಕೆ ಪ್ರೋಗ್ರಾಮ್ ಅಥವಾ ಕ್ರಮವಿಧಿ ಎಂದು ಹೆಸರು. ಒಂದು ಯಂತ್ರದಲ್ಲಿ ಹಲವು ಕ್ರಮವಿಧಿಗಳು ಒಟ್ಟಿಗೆ ನಡೆಯುತ್ತಿರುವಾಗ ಸ್ಮೃತಿಕೋಶದಲ್ಲಿ ಯಾರಿಗೆ ಎಷ್ಟು ಸ್ಥಳ, ಪ್ರೊಸೆಸರಿನ ಸಮಯದಲ್ಲಿ ಯಾರಿಗೆ ಎಷ್ಟು ಪಾಲು, ಕೀಲಿಮಣೆಯಿಂದ ಬಂದ ಅಕ್ಷರ ಯಾರಿಗೆ ಸೇರಬೇಕು ಎಂಬುದನ್ನೆಲ್ಲ ನಿರ್ಧರಿಸುವ ಹಿರಿಯ ಕ್ರಮವಿಧಿಯೊಂದು ಬೇಕಾಗುತ್ತದೆ. ಅದೇ ಕಾರ್ಯಾಚರಣ ವ್ಯವಸ್ಥೆ.

ಇಲ್ಲಿ ಒಂದು ತೊಡಕಿದೆ. ಕಾರ್ಯಾಚರಣ ವ್ಯವಸ್ಥೆಯೂ ಒಂದು ಕ್ರಮವಿಧಿಯೇ. ಅದು ಡಿಸ್ಕಿನ ಮೇಲೆ ಇರುತ್ತದೆ. ಡಿಸ್ಕಿನಿಂದ ಅದನ್ನು ಸ್ಮೃತಿಕೋಶಕ್ಕೆ ತರಬೇಕಾದರೆ ಡಿಸ್ಕನ್ನು ಓದಬಲ್ಲ ಕ್ರಮವಿಧಿ ಮೊದಲೇ ಇರಬೇಕು. ಹಾಗಾದರೆ ಆ ಮೊದಲನೆಯದನ್ನು ತರುವವರಾರು? ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ನೆಲದಿಂದ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷರು ಇದನ್ನು ಹೋಲಿಸಿದರು. ಯಂತ್ರವನ್ನು ಎಚ್ಚರಗೊಳಿಸುವ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದುದು ಹೀಗೆ. ಈ ಅಸಾಧ್ಯವನ್ನು ಸಾಧ್ಯವಾಗಿಸುವ ಉಪಾಯ ಸರಳವಾದುದು. ವಿದ್ಯುತ್ತು ಹೋದರೂ ಅಳಿಯದ ಒಂದು ಪುಟ್ಟ ಸ್ಮೃತಿಕೋಶದಲ್ಲಿ ಚಿಕ್ಕದೊಂದು ಕ್ರಮವಿಧಿಯನ್ನು ಕಾರ್ಖಾನೆಯಲ್ಲಿಯೇ ಬರೆದಿರಿಸುತ್ತಾರೆ. ಎಚ್ಚೆತ್ತ ಪ್ರೊಸೆಸರ್ ಮೊದಲು ನೋಡುವುದು ಅಲ್ಲಿಗೇ. ಆ ಚಿಕ್ಕದು ಸ್ವಲ್ಪ ದೊಡ್ಡದನ್ನು ತರುತ್ತದೆ. ಅದು ಇನ್ನೂ ದೊಡ್ಡದನ್ನು ತರುತ್ತದೆ. ಒಂದು ಹಣತೆಯಿಂದ ಇನ್ನೊಂದನ್ನು ಹಚ್ಚುತ್ತ ಹೋದಂತೆ ಕೊನೆಗೆ ಇಡೀ ವ್ಯವಸ್ಥೆ ಬೆಳಗುತ್ತದೆ.

ಆದರೆ ಎಲ್ಲ ಪ್ರೊಸೆಸರುಗಳೂ ಒಂದೇ ಬಗೆಯವಲ್ಲ. ಒಂದೊಂದು ವಂಶದ ಪ್ರೊಸೆಸರಿಗೆ ಒಂದೊಂದು ಬಗೆಯ ಆದೇಶಗಳ ಭಾಷೆಯಿದೆ. ಎಚ್ಚೆತ್ತೊಡನೆ ಎಲ್ಲಿ ನೋಡಬೇಕು, ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಬರೆದಿಡಬೇಕು, ಸ್ಮೃತಿಕೋಶವನ್ನು ಹೇಗೆ ಹಂಚಬೇಕು ಎಂಬ ನಿಯಮಗಳೂ ಬೇರೆ ಬೇರೆ. ಈ ಭಾಷೆ ಮತ್ತು ನಿಯಮಗಳ ಒಟ್ಟು ರೂಪವನ್ನೇ ಪ್ರೊಸೆಸರಿನ ವಿನ್ಯಾಸ ಎನ್ನುತ್ತಾರೆ. ಒಂದು ವಿನ್ಯಾಸಕ್ಕಾಗಿ ಬರೆದ ಆದೇಶಗಳು ಇನ್ನೊಂದಕ್ಕೆ ಅರ್ಥವಿಲ್ಲದ ಸಂಖ್ಯೆಗಳ ರಾಶಿ ಮಾತ್ರ.

1991ರ ಆರಂಭದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಎಂಬಾತನು ಒಂದು ಗಣಕಯಂತ್ರವನ್ನು ಕೊಂಡನು. ಅದರಲ್ಲಿದ್ದುದು ಇಂಟೆಲ್ ಕಂಪನಿಯ 80386 ಎಂಬ ಪ್ರೊಸೆಸರ್. ಸ್ಮೃತಿಕೋಶ ಕೇವಲ 4 ಮೆಗಾಬೈಟ್. ಆಗ ಅವನಿಗೆ 21 ವರ್ಷ. ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ವಿದ್ಯಾರ್ಥಿಗಳ ಕಲಿಕೆಗಾಗಿ 1987ರಲ್ಲಿ ರಚಿಸಿದ್ದ ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ಟೊರ್ವಾಲ್ಡ್ಸ್ ತನ್ನ ಯಂತ್ರದಲ್ಲಿ ಬಳಸುತ್ತಿದ್ದನು. ತನ್ನ ಪ್ರೊಸೆಸರಿನ ಸಾಮರ್ಥ್ಯವನ್ನು ಆಳವಾಗಿ ಅರಿಯಬೇಕೆಂಬ ಕುತೂಹಲದಿಂದ ಸ್ವತಃ ಒಂದು ವ್ಯವಸ್ಥೆಯನ್ನು ಬರೆಯತೊಡಗಿದನು. ಆ ವರ್ಷದ ಆಗಸ್ಟ್ 25ರಂದು ಮಿನಿಕ್ಸ್ ಬಳಕೆದಾರರಿಗೆ ಈ ವಿಷಯವನ್ನು ತಿಳಿಸಿದಾಗ, ಇದು ಬರಿಯ ಹವ್ಯಾಸವೆಂದೂ, 80386 ಬಿಟ್ಟು ಬೇರೆ ಯಂತ್ರಗಳಿಗೆ ಇದನ್ನು ಒಯ್ಯಲು ಬರುವಂತಿಲ್ಲವೆಂದೂ ಅವನೇ ಹೇಳಿಕೊಂಡಿದ್ದನು. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿದ್ದುದು ಸುಮಾರು 10,000 ಸಾಲುಗಳು.

ಆ ಯಂತ್ರದಲ್ಲಿ ಲಿನಕ್ಸ್ ಎಚ್ಚರಗೊಳ್ಳುತ್ತಿದ್ದ ಬಗೆಯನ್ನು ಗಮನಿಸಿದರೆ ಟೊರ್ವಾಲ್ಡ್ಸನ ಮಾತಿನ ಅರ್ಥ ತಿಳಿಯುತ್ತದೆ. ವಿದ್ಯುತ್ತು ಹರಿದೊಡನೆ 80386 ತನ್ನ ವಿಳಾಸಗಳ ಕಟ್ಟಕಡೆಯ ತುದಿಗೆ 16 ಬೈಟುಗಳಷ್ಟು ಹಿಂದಿರುವ ಸ್ಥಾನದಿಂದ ಮೊದಲ ಆದೇಶವನ್ನು ಓದುತ್ತದೆ. ಅಲ್ಲಿರುವುದು ಬಯೋಸ್ ಎಂಬ ಅಳಿಯದ ಕ್ರಮವಿಧಿ. ಅದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಸ್ಮೃತಿಕೋಶದ 31,744ನೆಯ ವಿಳಾಸಕ್ಕೆ ತಂದಿರಿಸುತ್ತದೆ. ಆ ತುಣುಕಿನ ಕೊನೆಯ ಎರಡು ಬೈಟುಗಳು 85 ಮತ್ತು 170 ಆಗಿದ್ದರೆ ಇದು ಎಚ್ಚರಿಸುವ ಕ್ರಮವಿಧಿಯೆಂದು ನಂಬಿ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಈ 512 ಬೈಟುಗಳ ತುಣುಕು ಡಿಸ್ಕಿನಿಂದ ವ್ಯವಸ್ಥೆಯ ಉಳಿದ ಭಾಗವನ್ನು ತರಬೇಕು.

ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. 80386 ಹುಟ್ಟಿದ್ದು 1985ರಲ್ಲಿಯಾದರೂ ಎಚ್ಚರಗೊಂಡಾಗ ಅದು 1978ರ ತನ್ನ ಪೂರ್ವಜ 8086ರಂತೆಯೇ ವರ್ತಿಸುತ್ತದೆ. ಹಳೆಯ ಕ್ರಮವಿಧಿಗಳು ಕೆಡಬಾರದೆಂಬುದು ಇದಕ್ಕೆ ಕಾರಣ. ಆ ಪೂರ್ವಜನಿಗೆ 1 ಮೆಗಾಬೈಟಿನ ಆಚೆಗೆ ಕಣ್ಣು ಹಾಯುತ್ತಿರಲಿಲ್ಲ; ಎಣಿಕೆ ಅಲ್ಲಿಗೆ ಮುಟ್ಟಿದೊಡನೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತಿತ್ತು. ಈ ಗುಣವನ್ನೇ ನೆಚ್ಚಿಕೊಂಡ ಕ್ರಮವಿಧಿಗಳಿದ್ದುದರಿಂದ, ಐಬಿಎಂ ಕಂಪನಿಯು 1984ರ ತನ್ನ ಯಂತ್ರದಲ್ಲಿ 21ನೆಯ ವಿಳಾಸತಂತಿಗೆ ಒಂದು ಕದವನ್ನಿಟ್ಟಿತು. ಆ ಕದವನ್ನು ತೆರೆಯುವ ಅಧಿಕಾರ ಕೀಲಿಮಣೆಯನ್ನು ನೋಡಿಕೊಳ್ಳುವ ಚಿಪ್ಪಿಗೆ ದೊರೆಯಿತು. ಅದರಲ್ಲೊಂದು ಕಾಲು ಬಿಡುವಾಗಿದ್ದುದೇ ಇದಕ್ಕೆ ಕಾರಣ! ಹೀಗಾಗಿ ಪೂರ್ಣ ಸ್ಮೃತಿಕೋಶವನ್ನು ಪಡೆಯಬಯಸುವ ವ್ಯವಸ್ಥೆ ಕೀಲಿಮಣೆಯ ಚಿಪ್ಪಿಗೆ ಮೊರೆಹೋಗಬೇಕಾಯಿತು. ಅನಂತರ ಸ್ಮೃತಿಕೋಶದ ಹಂಚಿಕೆಯ ಪಟ್ಟಿಗಳನ್ನು ಸಿದ್ಧಪಡಿಸಿ, ಪ್ರೊಸೆಸರನ್ನು ಅದರ ನಿಜವಾದ ಶಕ್ತಿಯ ಸ್ಥಿತಿಗೆ ದಾಟಿಸಬೇಕು. ಇವೆಲ್ಲವೂ ಈ ಒಂದು ವಂಶದ ಯಂತ್ರಗಳಿಗೆ ಮಾತ್ರ ಸಲ್ಲುವ ಆಚಾರಗಳು.

1992ರ ಜನವರಿಯಲ್ಲಿ ಟಾನೆನ್‌ಬಾಮ್ ಲಿನಕ್ಸನ್ನು ಬಹಿರಂಗವಾಗಿ ಟೀಕಿಸಿದರು. ಪ್ರೊಸೆಸರುಗಳ ಆಯುಷ್ಯ ಅಲ್ಪವಾದುದು. ಒಂದೇ ಪ್ರೊಸೆಸರಿಗೆ ಕಟ್ಟುಬಿದ್ದ ವ್ಯವಸ್ಥೆ ಅದರೊಡನೆಯೇ ಅಳಿಯುತ್ತದೆ. ಆದ್ದರಿಂದ ಇಂತಹ ರಚನೆ ದೊಡ್ಡ ತಪ್ಪು ಎಂಬುದು ಅವರ ವಾದಗಳಲ್ಲೊಂದು. ಟೊರ್ವಾಲ್ಡ್ಸ್ ಬಿಸಿಯಾಗಿಯೇ ಉತ್ತರಕೊಟ್ಟನು. ಆದರೆ ಟೀಕೆಯಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಯೂನಿಕ್ಸ್ ಎಂಬ ವ್ಯವಸ್ಥೆಯ ಉದಾಹರಣೆ ಎಲ್ಲರ ಮುಂದೆ ಇತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಅದನ್ನು ಮೊದಲು ಬರೆದದ್ದು ಒಂದು ಯಂತ್ರದ ಆದೇಶಗಳ ಭಾಷೆಯಲ್ಲಿ. 1973ರಲ್ಲಿ ಅದರ ಬಹುಭಾಗವನ್ನು ಡೆನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯಲ್ಲಿ ಮತ್ತೆ ಬರೆದರು. ‘ಸಿ’ ಭಾಷೆಯ ಬರಹವನ್ನು ಬೇಕಾದ ಪ್ರೊಸೆಸರಿನ ಆದೇಶಗಳಾಗಿ ಪರಿವರ್ತಿಸಿಕೊಡುವ ಅನುವಾದಕ ಕ್ರಮವಿಧಿಗಳಿರುವುದರಿಂದ, ಯೂನಿಕ್ಸ್ ಯಂತ್ರದಿಂದ ಯಂತ್ರಕ್ಕೆ ಸಂಚರಿಸಿ ದೀರ್ಘಾಯುವಾಯಿತು.

ಲಿನಕ್ಸಿನ ಹೆಚ್ಚಿನ ಭಾಗವೂ ‘ಸಿ’ ಭಾಷೆಯಲ್ಲಿಯೇ ಇತ್ತು. ಹಾಗಿದ್ದ ಮೇಲೆ ಅನುವಾದಿಸಿಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ಸಾಲದು. ಭಾಷೆ ಬದಲಾದರೂ ನಡವಳಿಕೆಯ ಭೇದ ಉಳಿಯುತ್ತದೆ. ಅಂತಹ ಮೂರು ಭೇದಗಳನ್ನು ಇಲ್ಲಿ ನೋಡಬಹುದು.

ಮೊದಲನೆಯದು ಎಚ್ಚರಗೊಳ್ಳುವ ರೀತಿ. ಆಮಿಗಾ, ಅಟಾರಿ ಮೊದಲಾದ ಯಂತ್ರಗಳಲ್ಲಿದ್ದ ಮೊಟೊರೋಲ ಕಂಪನಿಯ 68000 ಪ್ರೊಸೆಸರ್ ಎಚ್ಚೆತ್ತಾಗ ಸೊನ್ನೆಯ ವಿಳಾಸದಿಂದ ಮೊದಲ 8 ಬೈಟುಗಳನ್ನು ಓದುತ್ತದೆ. ಮೊದಲ ನಾಲ್ಕು ಬೈಟುಗಳು ತಾತ್ಕಾಲಿಕ ಟಿಪ್ಪಣಿಗಳನ್ನು ಇಟ್ಟುಕೊಳ್ಳುವ ಸ್ಥಳವನ್ನೂ, ಮುಂದಿನ ನಾಲ್ಕು ಬೈಟುಗಳು ಮೊದಲ ಆದೇಶವಿರುವ ಸ್ಥಳವನ್ನೂ ತಿಳಿಸುತ್ತವೆ. 80386 ವಿಳಾಸಗಳ ತುದಿಯಿಂದ ಆರಂಭಿಸಿದರೆ ಇದು ಬುಡದಿಂದ ಆರಂಭಿಸುತ್ತದೆ.

ಎರಡನೆಯದು ಸಂಖ್ಯೆಗಳನ್ನು ಬರೆದಿಡುವ ಕ್ರಮ. 258 ಎಂಬ ಸಂಖ್ಯೆಯನ್ನು ಇಡಲು ಎರಡು ಬೈಟುಗಳು ಬೇಕು: ಒಂದು 256, ಮೇಲೆ ಎರಡು. ಮೊಟೊರೋಲ 68000 ಹಿರಿಯ ಭಾಗವನ್ನು ಮೊದಲಿಟ್ಟು 1, 2 ಎಂದು ಬರೆಯುತ್ತದೆ. ಇಂಟೆಲ್ ಪ್ರೊಸೆಸರ್ ಕಿರಿಯ ಭಾಗವನ್ನು ಮೊದಲಿಟ್ಟು 2, 1 ಎಂದು ಬರೆಯುತ್ತದೆ. ಒಂದು ಬರೆದುದನ್ನು ಇನ್ನೊಂದು ತನ್ನ ಕ್ರಮದಲ್ಲಿ ಓದಿದರೆ 258ರ ಬದಲು 513 ಎಂದಾಗುತ್ತದೆ. ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೆ, ಚಿಕ್ಕ ತುದಿಯಿಂದ ಒಡೆಯಬೇಕೆ ಎಂದು ಕಾದಾಡಿದ ಜನರ ಕಥೆ ಜೊನಾಥನ್ ಸ್ವಿಫ್ಟನ ‘ಗಲಿವರನ ಪ್ರವಾಸಗಳು’ ಎಂಬ ಕೃತಿಯಲ್ಲಿದೆ. ಈ ಎರಡು ಕ್ರಮಗಳಿಗೆ ಇಂಗ್ಲಿಷಿನಲ್ಲಿ ಬಂದಿರುವ ಹೆಸರುಗಳು ಆ ಕಥೆಯಿಂದಲೇ ಹುಟ್ಟಿದವು. ಕನ್ನಡಿಗರಿಗೂ ಇಂತಹ ಭೇದ ಹೊಸತಲ್ಲ. ಅಂಕಿಗಳಲ್ಲಿ ಬರೆಯುವಾಗ ಎಡಗಡೆ ಹಿರಿಯ ಸ್ಥಾನವಿದ್ದರೂ, ಶಕವರ್ಷವನ್ನು ಪದಗಳ ಸಂಕೇತದಿಂದ ಸೂಚಿಸುವ ಪ್ರಾಚೀನ ಪದ್ಧತಿಯಲ್ಲಿ ಬಿಡಿಯ ಸ್ಥಾನವನ್ನೇ ಮೊದಲು ಹೇಳುತ್ತಾರೆ. ಪದ್ಧತಿಯನ್ನು ತಿಳಿಯದೆ ಓದಿದವನಿಗೆ ವರ್ಷ ತಲೆಕೆಳಗಾಗುತ್ತದೆ.

ಮೂರನೆಯದು ವಿಳಾಸದ ಅಗಲ. 80386ರಲ್ಲಿ ಒಂದು ವಿಳಾಸಕ್ಕೆ 32 ಬಿಟ್‌ಗಳು. ಅಮೆರಿಕದ ಡಿಜಿಟಲ್ ಕಂಪನಿಯು 1992ರಲ್ಲಿ ಹೊರತಂದ ಆಲ್ಫಾ ಎಂಬ ಪ್ರೊಸೆಸರಿನಲ್ಲಿ 64 ಬಿಟ್‌ಗಳು. ಎಂಟು ಅಂಕಿಗಳ ಸಂಖ್ಯೆಯನ್ನು ನಾಲ್ಕೇ ಮನೆಗಳಿರುವ ನಮೂನೆಯಲ್ಲಿ ಬರೆಯಹೊರಟರೆ ಅರ್ಧ ಕಳೆದುಹೋಗುವಂತೆ, 32 ಬಿಟ್ ಸಾಕೆಂದು ನಂಬಿ ಬರೆದ ಸಾಲುಗಳೆಲ್ಲ ಅಲ್ಲಿ ತಪ್ಪಾಗುತ್ತವೆ. ಸ್ಮೃತಿಕೋಶವನ್ನು 80386 ತಲಾ 4,096 ಬೈಟುಗಳ ಪುಟಗಳಾಗಿ ಹಂಚಿದರೆ ಆಲ್ಫಾ 8,192 ಬೈಟುಗಳ ಪುಟಗಳಾಗಿ ಹಂಚುತ್ತದೆ.

68000 ವಂಶದ ಯಂತ್ರಗಳಿಗೆ ಲಿನಕ್ಸನ್ನು ಒಯ್ದವರು ಬೇರೆ ಹವ್ಯಾಸಿಗಳು. ಟೊರ್ವಾಲ್ಡ್ಸ್ ಸ್ವತಃ ಈ ಕಾರ್ಯಕ್ಕೆ ಕೈಹಾಕಿದ್ದು 1994ರ ಅನಂತರ. ಆ ವರ್ಷ ಡಿಜಿಟಲ್ ಕಂಪನಿಯಲ್ಲಿದ್ದ ಜಾನ್ ಹಾಲ್ ಎಂಬುವರು ಲಿನಕ್ಸನ್ನು ಕಂಡು ಮೆಚ್ಚಿ, ಟೊರ್ವಾಲ್ಡ್ಸನಿಗೆ ಆಲ್ಫಾ ಯಂತ್ರವೊಂದು ಎರವಲಾಗಿ ದೊರೆಯುವಂತೆ ಮಾಡಿದರು. ಆ ಯಂತ್ರದ ಮುಂದೆ ಕುಳಿತಾಗ ಅವನಿಗೆ ಎರಡು ದಾರಿಗಳಿದ್ದವು. ಹಳೆಯ ಲಿನಕ್ಸನ್ನು ಹಾಗೆಯೇ ಬಿಟ್ಟು ಆಲ್ಫಾಕ್ಕಾಗಿ ಪ್ರತ್ಯೇಕವಾದ ಇನ್ನೊಂದನ್ನು ಬರೆಯುವುದು ಸುಲಭವಾದ ದಾರಿ. ಆದರೆ ಹಾಗೆ ಮಾಡಿದರೆ ಒಂದರಲ್ಲಿ ತಿದ್ದಿದ ದೋಷವನ್ನು ಇನ್ನೊಂದರಲ್ಲಿಯೂ ತಿದ್ದಬೇಕಾಗುತ್ತಿತ್ತು. ಯಂತ್ರಗಳು ಹೆಚ್ಚಿದಂತೆಲ್ಲ ಶ್ರಮವೂ ಹೆಚ್ಚುತ್ತಿತ್ತು. ಅವನು ಕಷ್ಟದ ದಾರಿಯನ್ನೇ ಹಿಡಿದನು. ಇಡೀ ವ್ಯವಸ್ಥೆಯನ್ನು ಶೋಧಿಸಿ, ಎಲ್ಲ ಯಂತ್ರಗಳಿಗೂ ಸಮಾನವಾದುದು ಯಾವುದು, ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು ಯಾವುದು ಎಂದು ವಿಂಗಡಿಸಿದನು. ಕಡತಗಳ ನಿರ್ವಹಣೆ, ಕ್ರಮವಿಧಿಗಳ ಸರದಿ, ಜಾಲದ ಸಂಪರ್ಕ ಇವು ಸಾಮಾನ್ಯ ಭಾಗಕ್ಕೆ ಸೇರಿದವು. ಎಚ್ಚರಗೊಳ್ಳುವ ಮೊದಲ ಹೆಜ್ಜೆಗಳು, ಪುಟಗಳ ಪಟ್ಟಿಯನ್ನು ಬರೆಯುವ ಕ್ರಮ, ಒಂದು ಕ್ರಮವಿಧಿಯನ್ನು ನಿಲ್ಲಿಸಿ ಇನ್ನೊಂದನ್ನು ನಡೆಸುವ ಕೈಚಳಕ ಇವು ವಿಶೇಷ ಭಾಗಕ್ಕೆ ಸೇರಿದವು. ಪ್ರತಿಯೊಂದು ವಿನ್ಯಾಸಕ್ಕೂ ಪ್ರತ್ಯೇಕವಾದ ಕೋಣೆಯೊಂದನ್ನು ಕಟ್ಟಿದಂತಾಯಿತು. ಮನೆಯ ಉಳಿದ ಭಾಗ ಎಲ್ಲರದಾಯಿತು. 1995ರ ಮಾರ್ಚಿನಲ್ಲಿ ಬಂದ 1.2ನೆಯ ಆವೃತ್ತಿಯಲ್ಲಿ ಇಂಟೆಲ್ ವಂಶದ ಜೊತೆಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಂಬ ಮೂರು ವಿನ್ಯಾಸಗಳಿಗೂ ಸ್ಥಾನ ದೊರೆತಿತ್ತು.

ಹೊಸ ಪ್ರೊಸೆಸರಿನಲ್ಲಿ ವ್ಯವಸ್ಥೆಯನ್ನು ಎಚ್ಚರಿಸುವವನ ಕಷ್ಟ ಸಾಮಾನ್ಯವಾದುದಲ್ಲ. ಮೊದಲ ಆದೇಶಗಳಲ್ಲಿ ಒಂದು ತಪ್ಪಿದರೂ ಯಂತ್ರ ಮೌನವಾಗಿ ನಿಂತುಬಿಡುತ್ತದೆ. ಏನಾಯಿತೆಂದು ಹೇಳಲು ಆಗ ತೆರೆಯೂ ಸಿದ್ಧವಾಗಿರುವುದಿಲ್ಲ. ಆದ್ದರಿಂದ ಅನುಭವಿಗಳು ಮೊದಲು ಮಾಡುವ ಕೆಲಸವೆಂದರೆ, ಸರಳವಾದ ಒಂದು ತಂತಿಯ ಮೂಲಕ ಹೊರಗೆ ಒಂದೇ ಒಂದು ಅಕ್ಷರವನ್ನು ಕಳುಹಿಸುವಂತೆ ಮಾಡುವುದು. ಇನ್ನೊಂದು ಯಂತ್ರದ ತೆರೆಯ ಮೇಲೆ ಆ ಅಕ್ಷರ ಮೂಡಿತೆಂದರೆ ಅಲ್ಲಿಯವರೆಗಿನ ಹಾದಿ ಸರಿಯಿದೆ ಎಂದು ಅರ್ಥ. ಆ ಒಂದು ಅಕ್ಷರ ಹವ್ಯಾಸಿಗೆ ತರುವ ಹರ್ಷ, ಮಗುವಿನ ಮೊದಲ ಮಾತು ತಾಯಿಗೆ ತರುವ ಹರ್ಷದಂತಹುದು. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಪ್ರಕಟಿಸಿದ ಕ್ಯೂಎಮು ಎಂಬ ಕ್ರಮವಿಧಿ ಈ ಕಷ್ಟವನ್ನು ಬಹಳಮಟ್ಟಿಗೆ ಕಡಿಮೆಮಾಡಿತು. ಒಂದು ಪ್ರೊಸೆಸರಿನ ಮೇಲೆ ಬೇರೊಂದು ಪ್ರೊಸೆಸರಿನ ವರ್ತನೆಯನ್ನು ಅದು ಅಭಿನಯಿಸಿ ತೋರಿಸುತ್ತದೆ. ಹಲವು ಯಂತ್ರಗಳನ್ನು ಕೊಳ್ಳಲಾರದ ವಿದ್ಯಾರ್ಥಿಯೂ ಒಂದೇ ಯಂತ್ರದಲ್ಲಿ ಹಲವು ವಿನ್ಯಾಸಗಳನ್ನು ಪರೀಕ್ಷಿಸಲು ಇದರಿಂದ ಸಾಧ್ಯವಾಗಿದೆ.

ಹೊಸ ವಿನ್ಯಾಸಗಳು ಹೊಸ ಸಮಸ್ಯೆಗಳನ್ನೂ ತಂದವು. ಇಂಗ್ಲೆಂಡಿನ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಜನಿಸಿದ ಆರ್ಮ್ ಪ್ರೊಸೆಸರ್ ಮಿತವಾದ ವಿದ್ಯುತ್ತಿನಲ್ಲಿ ಕೆಲಸಮಾಡುವುದರಿಂದ ಕೈಯಲ್ಲಿ ಹಿಡಿಯುವ ದೂರವಾಣಿಗಳಿಗೆ ಅನುಕೂಲವಾಯಿತು. ಆದರೆ ಅಂತಹ ಬಹುತೇಕ ಉಪಕರಣಗಳಲ್ಲಿ, ಇಂತಿಂತಹ ಅಂಗಗಳು ಇಂತಿಂತಹ ಕಡೆ ಇವೆ ಎಂದು ಹೇಳಬಲ್ಲ ಬಯೋಸ್ ಇರಲಿಲ್ಲ. ಒಂದು ಉಪಕರಣದಂತೆ ಇನ್ನೊಂದಿರಲಿಲ್ಲ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಯಂತ್ರದ ಅಂಗಗಳನ್ನೂ ಅವುಗಳ ವಿಳಾಸಗಳನ್ನೂ ಒಂದು ಪಟ್ಟಿಯಲ್ಲಿ ಬರೆದು ಎಚ್ಚರಗೊಳ್ಳುವ ವೇಳೆಗೆ ವ್ಯವಸ್ಥೆಯ ಕೈಗೆ ಕೊಡುವುದು. ಕೊಂಬೆರೆಂಬೆಗಳಾಗಿ ಹರಡಿದ ಈ ಪಟ್ಟಿಗೆ ಉಪಕರಣವೃಕ್ಷ ಎನ್ನಬಹುದು. ಹೊಸ ಊರಿಗೆ ಬಂದ ಅಧಿಕಾರಿಗೆ ಊರಿನ ನಕ್ಷೆಯನ್ನು ಒಪ್ಪಿಸಿದಂತೆ ಇದು. ವಿಚಿತ್ರಗಳೂ ಇಲ್ಲದಿಲ್ಲ. ವಿದ್ಯಾರ್ಥಿಗಳ ಕಲಿಕೆಗಾಗಿ 2012ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್‌ಬೆರಿ ಪೈ ಎಂಬ ಪುಟ್ಟ ಯಂತ್ರದಲ್ಲಿ ಮೊದಲು ಎಚ್ಚರಗೊಳ್ಳುವುದು ಮುಖ್ಯ ಪ್ರೊಸೆಸರಲ್ಲ, ಚಿತ್ರಗಳನ್ನು ಮೂಡಿಸುವ ಭಾಗ! ಅದು ಎದ್ದು ಕಾರ್ಡಿನಿಂದ ವ್ಯವಸ್ಥೆಯನ್ನು ತಂದಿರಿಸಿದ ಮೇಲೆಯೇ ಆರ್ಮ್ ಪ್ರೊಸೆಸರಿಗೆ ಎಚ್ಚರವಾಗುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬುದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ವಿನ್ಯಾಸ. ಅದನ್ನು ಆಧರಿಸಿ ಚೆನ್ನೈನಲ್ಲಿರುವ ಮದ್ರಾಸು ಐಐಟಿಯವರು ‘ಶಕ್ತಿ’ ಎಂಬ ಪ್ರೊಸೆಸರುಗಳನ್ನು ರೂಪಿಸಿದರು. 2018ರಲ್ಲಿ ಶಕ್ತಿ ಚಿಪ್ಪಿನ ಮೇಲೆ ಲಿನಕ್ಸ್ ಎಚ್ಚರಗೊಂಡಿತು. ಭಾರತದಲ್ಲಿ ರೂಪಿಸಿದ ಪ್ರೊಸೆಸರಿಗಾಗಿ ಕಾರ್ಯಾಚರಣ ವ್ಯವಸ್ಥೆಯನ್ನು ಮೊದಲಿನಿಂದ ಬರೆಯಬೇಕಾಗಲಿಲ್ಲ. ಹಿಂದೆ ಮಾಡಿದ್ದ ವಿಂಗಡಣೆಯ ಫಲ ಇಷ್ಟು ದೂರದ ನಾಡಿಗೂ ತಲಪಿತು.

ಇತ್ತ ಹಳೆಯ ಯಂತ್ರಗಳ ಗತಿ ಏನಾಯಿತು? ಡಿಜಿಟಲ್ ಕಂಪನಿಯು 1998ರಲ್ಲಿ ಬೇರೊಂದು ಕಂಪನಿಯ ವಶವಾಯಿತು. 2007ರಲ್ಲಿ ಆಲ್ಫಾ ಯಂತ್ರಗಳ ಮಾರಾಟ ನಿಂತಿತು. ಲಿನಕ್ಸಿನ ತೊಟ್ಟಿಲಾಗಿದ್ದ 80386ಕ್ಕೂ ಕಾಲ ಬಂದಿತು. ಅದರ ಹಳೆಯ ನಡವಳಿಕೆಗಾಗಿ ಉಳಿಸಿಕೊಂಡಿದ್ದ ಸಾಲುಗಳು ಹೊಸ ಕೆಲಸಕ್ಕೆ ಅಡ್ಡಿಯಾಗುತ್ತಿದ್ದುದರಿಂದ, 2012ರ ಡಿಸೆಂಬರಿನಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ತಾನು ಆರಂಭಮಾಡಿದ ಪ್ರೊಸೆಸರಿಗೆ ವಿದಾಯ ಹೇಳುವಾಗ ಟೊರ್ವಾಲ್ಡ್ಸ್ ಯಾವ ಭಾವುಕತೆಯನ್ನೂ ತೋರಲಿಲ್ಲ. ಯಾವುದನ್ನು ಬಿಟ್ಟು ಬೇರೆ ಕಡೆ ಹೋಗಲಾರದೆಂದು 1991ರಲ್ಲಿ ಹೇಳಿದ್ದನೋ, ಅದನ್ನೇ ಬಿಟ್ಟು ಲಿನಕ್ಸ್ ಮುಂದೆ ನಡೆಯಿತು. 2017ರ ನವೆಂಬರಿನ ಪಟ್ಟಿಯಲ್ಲಿ ಜಗತ್ತಿನ ಅತ್ಯಂತ ವೇಗದ 500 ಗಣಕಯಂತ್ರಗಳೆಲ್ಲವೂ ಲಿನಕ್ಸಿನಲ್ಲಿಯೇ ನಡೆಯುತ್ತಿದ್ದವು. ಆಂಡ್ರಾಯ್ಡ್ ದೂರವಾಣಿಗಳ ತಿರುಳಿನಲ್ಲಿರುವುದೂ ಅದೇ.

ಒಂದೇ ಯಂತ್ರಕ್ಕೆ ಕಟ್ಟುಬಿದ್ದ ವ್ಯವಸ್ಥೆ ಅದರೊಡನೆ ಅಳಿಯುತ್ತದೆಂಬ ಟಾನೆನ್‌ಬಾಮರ ಎಚ್ಚರಿಕೆ ಸುಳ್ಳಾಗಲಿಲ್ಲ; ಲಿನಕ್ಸ್ ಉಳಿದದ್ದು ಆ ಕಟ್ಟನ್ನು ಕಳಚಿಕೊಂಡದ್ದರಿಂದಲೇ. ಪ್ರತಿಯೊಂದು ಪ್ರೊಸೆಸರೂ ತನ್ನದೇ ರೀತಿಯಲ್ಲಿ ಕಣ್ಣು ತೆರೆಯುತ್ತದೆ. ಆ ರೀತಿಯನ್ನು ಗೌರವಿಸಿ ಕಲಿಯದೆ ಗತಿಯಿಲ್ಲ. ಆದರೆ ಎಚ್ಚರವಾದ ಮೇಲೆ ಮಾಡಬೇಕಾದ ಕೆಲಸ ಎಲ್ಲೆಡೆಯೂ ಒಂದೇ. ಬದಲಾಗುವುದನ್ನು ಬದಲಾಗದುದರಿಂದ ಬೇರ್ಪಡಿಸಿ ಅದರದರ ಸ್ಥಾನದಲ್ಲಿರಿಸುವ ವಿವೇಕವೇ ಒಬ್ಬ ವಿದ್ಯಾರ್ಥಿಯ ಹವ್ಯಾಸಕ್ಕೆ ಯಂತ್ರಗಳಿಗಿಂತ ಹೆಚ್ಚಿನ ಆಯುಷ್ಯವನ್ನು ತಂದುಕೊಟ್ಟಿತು.